ರಕ್ತಪೂರಣ ಮತ್ತು ರೋಗಿಯ ಗುರುತು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಶುಶ್ರೂಷಾ ಸಂದರ್ಭ

ಆಧುನಿಕ ವೈದ್ಯಪದ್ಧತಿಯ ಚಿಕಿತ್ಸೆಗಳಲ್ಲಿ ರಕ್ತಪೂರಣಕ್ಕೆ ವಿಶಿಷ್ಟ ಸ್ಥಾನವಿದೆ. ಒಬ್ಬ ಮನುಷ್ಯನ ದೇಹದ ಜೀವಂತ ಅಂಶವನ್ನು ಇನ್ನೊಬ್ಬನ ದೇಹಕ್ಕೆ ನೇರವಾಗಿ ಸೇರಿಸುವ ಈ ಕ್ರಿಯೆಯು ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿಯೂ ನಿತ್ಯದ ಕೆಲಸವಾಗಿದೆ. ಹೆರಿಗೆಯ ರಕ್ತಸ್ರಾವ, ತೀವ್ರ ರಕ್ತಹೀನತೆ ಮತ್ತು ರಸ್ತೆ ಅಪಘಾತ ಇವು ಈ ಭಾಗದಲ್ಲಿ ರಕ್ತದ ಬೇಡಿಕೆಗೆ ಮುಖ್ಯ ಕಾರಣಗಳು. ರಕ್ತವನ್ನು ಕೊಡಬೇಕೆಂದು ನಿರ್ಧರಿಸುವವರು ವೈದ್ಯರು. ಅದನ್ನು ಪರೀಕ್ಷಿಸಿ ಹೊಂದಿಸುವವರು ರಕ್ತನಿಧಿಯ ತಂತ್ರಜ್ಞರು. ಆದರೆ ರೋಗಿಯ ತೋಳಿನಿಂದ ಮಾದರಿಯನ್ನು ತೆಗೆಯುವ ಮೊದಲ ಕೆಲಸ ಮತ್ತು ಹೊಂದಿಕೆಯಾದ ಚೀಲವನ್ನು ಅದೇ ತೋಳಿಗೆ ಜೋಡಿಸುವ ಕೊನೆಯ ಕೆಲಸ ಇವೆರಡೂ ಬಹುಮಟ್ಟಿಗೆ ಶುಶ್ರೂಷಕಿಯರ ಕೈಯಲ್ಲಿವೆ. ರಕ್ತಪೂರಣದ ಮಾರಕ ದೋಷಗಳಲ್ಲಿ ಹೆಚ್ಚಿನವು ಸಂಭವಿಸುವುದು ಈ ಎರಡು ತುದಿಗಳಲ್ಲಿಯೇ ಎಂಬುದು ಗಮನಾರ್ಹ.

ಈ ದೋಷಗಳ ಮೂಲದಲ್ಲಿರುವುದು ಒಂದು ಸರಳ ಪ್ರಶ್ನೆ: ಹಾಸಿಗೆಯ ಮೇಲಿರುವ ವ್ಯಕ್ತಿ ಯಾರು? ಅನ್ಯದೇಶಗಳಲ್ಲಿ ರೂಪುಗೊಂಡ ನಿಯಮಾವಳಿಗಳು ರೋಗಿಯ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಕೇಳಿ ತಾಳೆ ನೋಡುವುದಕ್ಕೆ ಪ್ರಾಮುಖ್ಯ ಕೊಡುತ್ತವೆ. ನಮ್ಮ ಈ ಐದು ತಾಲ್ಲೂಕುಗಳಲ್ಲಿ ಹೆಸರು ಮತ್ತು ಹುಟ್ಟಿದ ದಿನಾಂಕಗಳೆರಡೂ ಗುರುತಿನ ಖಚಿತ ಸಾಧನಗಳಲ್ಲ. ಅದಕ್ಕೆ ಇಲ್ಲಿಯ ನಾಮಕರಣ ಪದ್ಧತಿ, ಕೌಟುಂಬಿಕ ನಡವಳಿಕೆ ಮತ್ತು ಭಾಷಾಸ್ಥಿತಿಗಳು ಕಾರಣವಾಗಿವೆ. ಸುರಕ್ಷಿತ ರಕ್ತಪೂರಣದ ಶುಶ್ರೂಷಾ ಕ್ರಮವನ್ನು ಈ ಸ್ಥಳೀಯ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಪ್ರದೇಶ ಮತ್ತು ರಕ್ತ ಬರುವ ದಾರಿ

ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಭೂಭಾಗವು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಲಾಯಿತು. 2018ರಲ್ಲಿ ಅದು ಮರಳಿ ಬಳ್ಳಾರಿಗೆ ಬಂದಿತು. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಯಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಐದೂ ತಾಲ್ಲೂಕುಗಳು ಅದರ ವ್ಯಾಪ್ತಿಗೆ ಒಳಪಟ್ಟವು.

ಈ ಆಡಳಿತಾತ್ಮಕ ಇತಿಹಾಸಕ್ಕೂ ರಕ್ತಪೂರಣಕ್ಕೂ ಸಂಬಂಧವಿದೆ. ಜಿಲ್ಲೆಯ ಗಡಿ ಬದಲಾದರೂ ಜನರ ಓಡಾಟದ ದಾರಿ ಸುಲಭವಾಗಿ ಬದಲಾಗುವುದಿಲ್ಲ. ಹರಪನಹಳ್ಳಿ ಕಡೆಯ ರೋಗಿಗಳು ಇಂದಿಗೂ ದಾವಣಗೆರೆಯತ್ತ ಮುಖ ಮಾಡುತ್ತಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳವರು ಹೊಸಪೇಟೆಗೆ ಹೋಗುತ್ತಾರೆ. ತೊಡಕಿನ ಪ್ರಕರಣಗಳು ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುತ್ತವೆ. ಹೀಗಾಗಿ ಒಬ್ಬಳೇ ಗರ್ಭಿಣಿಯ ಬಳಿ ಎರಡು ಮೂರು ಊರುಗಳ ಚೀಟಿಗಳಿರುವುದು ಸಾಮಾನ್ಯ. ಅವುಗಳಲ್ಲಿ ಆಕೆಯ ಹೆಸರನ್ನು ಎರಡು ಮೂರು ರೀತಿಯಲ್ಲಿ ಬರೆದಿರುವುದೂ ಉಂಟು.

ಪರೀಕ್ಷಿಸಿದ ರಕ್ತವು ಮುಖ್ಯವಾಗಿ ದೊಡ್ಡ ಊರುಗಳ ರಕ್ತನಿಧಿಗಳಿಂದ ಬರಬೇಕು. ರಕ್ತನಿಧಿಗಳಿಲ್ಲದ ಕಡೆ ತೊಂದರೆಯಾಗದಿರಲೆಂದು ವರ್ಷಕ್ಕೆ 2000 ಯೂನಿಟ್‌ಗಿಂತ ಕಡಿಮೆ ರಕ್ತ ಬಳಸುವ ಆಸ್ಪತ್ರೆಗಳು ಷರತ್ತುಗಳಿಗೆ ಒಳಪಟ್ಟು ಶೇಖರಣಾ ಘಟಕವನ್ನು ಹೊಂದಲು ಔಷಧ ನಿಯಮಗಳು ಅವಕಾಶ ಮಾಡಿಕೊಟ್ಟಿವೆ. ಮಾದರಿ ಒಂದು ಊರಿನಲ್ಲಿ ತೆಗೆದು, ಹೊಂದಿಕೆ ಇನ್ನೊಂದು ಊರಿನಲ್ಲಿ ಮಾಡಿಸಿ, ಚೀಲವನ್ನು ಮರಳಿ ಮೊದಲಿನ ಊರಿಗೆ ತರುವ ಸಂದರ್ಭಗಳಲ್ಲಿ ಮಾದರಿ ಕೊಳವೆಯ ಮೇಲಿನ ನಾಲ್ಕು ಸಾಲಿನ ಬರಹವೇ ರೋಗಿಯ ಏಕೈಕ ಪ್ರತಿನಿಧಿಯಾಗುತ್ತದೆ. ರಕ್ತನಿಧಿಯವರು ರೋಗಿಯನ್ನು ಕಂಡಿರುವುದಿಲ್ಲ. ಆ ಬರಹ ತಪ್ಪಾಗಿದ್ದರೆ ಅವರ ಪರೀಕ್ಷೆ ಎಷ್ಟೇ ನಿಖರವಾಗಿದ್ದರೂ ಪ್ರಯೋಜನವಿಲ್ಲ.

2. ರಕ್ತದ ಗುಂಪು: ಶಾಸ್ತ್ರ ಮತ್ತು ಶಾಸನ

ಲಂಡನ್ನಿನ ಪ್ರಸೂತಿ ತಜ್ಞ ಜೇಮ್ಸ್ ಬ್ಲಂಡೆಲ್ ಮನುಷ್ಯನ ರಕ್ತವನ್ನು ಮನುಷ್ಯನಿಗೆ ಕೊಡುವ ಪ್ರಯೋಗವನ್ನು 1818ರಲ್ಲಿ ಮಾಡಿದನು. ಹೆರಿಗೆಯಲ್ಲಿ ರಕ್ತ ಸುರಿದು ಸಾಯುತ್ತಿದ್ದ ಬಾಣಂತಿಯರೇ ಅವನ ಪ್ರಯತ್ನಕ್ಕೆ ಪ್ರೇರಣೆಯಾಗಿದ್ದರು. ಕೆಲವರು ಬದುಕಿ ಕೆಲವರು ಸಾಯುವುದೇಕೆಂಬುದು ಮಾತ್ರ ತಿಳಿದಿರಲಿಲ್ಲ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಿಸಿದ ಮೇಲೆ ಇದಕ್ಕೆ ಉತ್ತರ ದೊರೆಯಿತು. 1940ರಲ್ಲಿ ಆರ್‌ಎಚ್ ಅಂಶವೂ ಬೆಳಕಿಗೆ ಬಂದಿತು.

ಎ ಗುಂಪಿನವರ ರಕ್ತದ್ರವದಲ್ಲಿ ಬಿ ಕಣಗಳಿಗೆ ವಿರುದ್ಧವಾದ, ಬಿ ಗುಂಪಿನವರಲ್ಲಿ ಎ ಕಣಗಳಿಗೆ ವಿರುದ್ಧವಾದ ಪ್ರತಿಕಾಯಗಳು ಸಹಜವಾಗಿಯೇ ಇರುತ್ತವೆ. ಓ ಗುಂಪಿನವರಲ್ಲಿ ಎರಡೂ ಇರುತ್ತವೆ. ಆದ್ದರಿಂದ ಓ ಗುಂಪಿನ ರೋಗಿಗೆ ಎ ಅಥವಾ ಬಿ ಗುಂಪಿನ ರಕ್ತ ಸೇರಿದರೆ, ಹೊಸದಾಗಿ ಬಂದ ಕೆಂಪುಕಣಗಳು ರಕ್ತನಾಳದೊಳಗೆ ಒಡೆಯತೊಡಗುತ್ತವೆ. ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡಗಳು ಸೋಲುತ್ತವೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಅಸ್ತವ್ಯಸ್ತಗೊಂಡು ಎಲ್ಲೆಡೆಯಿಂದ ರಕ್ತ ಒಸರಬಹುದು. ಇದಕ್ಕೆ ಇಡೀ ಚೀಲವೇ ಹರಿಯಬೇಕಿಲ್ಲ; ಕೆಲವೇ ಮಿಲಿಲೀಟರ್‌ಗಳು ಸಾಕು.

ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಅದಲುಬದಲಾದ ಚೀಲವು ಆಕಸ್ಮಿಕವಾಗಿ ಹೊಂದುವ ಗುಂಪಿನದೇ ಆಗಿದ್ದರೆ ರೋಗಿಗೆ ಏನೂ ಆಗುವುದಿಲ್ಲ. ತಪ್ಪು ನಡೆದದ್ದು ಯಾರಿಗೂ ತಿಳಿಯುವುದೂ ಇಲ್ಲ. 'ನಮ್ಮ ವಾರ್ಡಿನಲ್ಲಿ ಈವರೆಗೆ ಏನೂ ಆಗಿಲ್ಲ' ಎಂಬ ಮಾತು ಕ್ರಮ ಸರಿಯಾಗಿದೆ ಎಂಬುದಕ್ಕೆ ಸಾಕ್ಷ್ಯವಾಗಲಾರದು.

ಭಾರತದಲ್ಲಿ ರಕ್ತವನ್ನು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯಡಿ ಔಷಧವೆಂದೇ ಪರಿಗಣಿಸಲಾಗಿದೆ. ಹಣ ಪಡೆದು ರಕ್ತ ಕೊಡುವ ಪದ್ಧತಿಯನ್ನು ನಿಲ್ಲಿಸುವಂತೆ ಸರ್ವೋಚ್ಚ ನ್ಯಾಯಾಲಯವು 1996ರ ಜನವರಿಯಲ್ಲಿ ತೀರ್ಪಿತ್ತಿತು. 1998ರ ಜನವರಿಯಿಂದ ಅದು ಜಾರಿಗೆ ಬಂದಿತು. 2002ರಲ್ಲಿ ರಾಷ್ಟ್ರೀಯ ರಕ್ತ ನೀತಿ ರೂಪುಗೊಂಡಿತು. ಪ್ರತಿಯೊಂದು ಯೂನಿಟ್ಟನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗಾಗಿ ಪರೀಕ್ಷಿಸುವುದು ಕಡ್ಡಾಯವಾಗಿದೆ. 2020ರ ನಿಯಮ ತಿದ್ದುಪಡಿಯಲ್ಲಿ ರಕ್ತನಿಧಿಗಳನ್ನು ರಕ್ತಕೇಂದ್ರಗಳೆಂದು ಕರೆಯಲಾಗಿದೆ. ಈ ಕ್ರಮಗಳಿಂದ ಚೀಲದೊಳಗಿನ ರಕ್ತ ಹಿಂದಿಗಿಂತ ಬಹಳ ಸುರಕ್ಷಿತವಾಗಿದೆ. ಆ ಚೀಲವು ಸರಿಯಾದ ವ್ಯಕ್ತಿಗೆ ಸೇರುವಂತೆ ಮಾಡುವುದು ವಾರ್ಡಿನ ಹೊಣೆಯಾಗಿ ಉಳಿದಿದೆ.

3. ಹೆಸರುಗಳ ಪ್ರಶ್ನೆ

ಕೊಟ್ಟೂರೇಶ್ವರನ ಭಕ್ತಿಯು ಈ ಪ್ರದೇಶದ ವ್ಯಕ್ತಿನಾಮಗಳ ಮೇಲೆ ಬೀರಿದ ಪ್ರಭಾವ ವ್ಯಾಪಕವಾದುದು. ಕೊಟ್ರೇಶ, ಕೊಟ್ರಪ್ಪ, ಕೊಟ್ರಯ್ಯ, ಕೊಟ್ರಮ್ಮ, ಕೊಟ್ರವ್ವ ಎಂಬ ಹೆಸರುಗಳು ಜಾತಿಭೇದವಿಲ್ಲದೆ ಊರೂರಿನಲ್ಲಿ ಕಾಣಸಿಗುತ್ತವೆ. ಹಡಗಲಿ ತಾಲ್ಲೂಕಿನ ಮೈಲಾರಲಿಂಗನಿಂದ ಮೈಲಾರಪ್ಪ, ಮೈಲವ್ವ. ಹರಪನಹಳ್ಳಿ ಕಡೆಯ ಉಚ್ಚಂಗಿದುರ್ಗದ ದೇವತೆಯಿಂದ ಉಚ್ಚೆಂಗೆಪ್ಪ, ಉಚ್ಚೆಂಗೆಮ್ಮ. ಕೂಡ್ಲಿಗಿ ಕಡೆಯ ಉಜ್ಜಿನಿಯ ಮರುಳಸಿದ್ಧನಿಂದ ಮರುಳಸಿದ್ದಪ್ಪ. ತುಂಗಭದ್ರೆಯ ಆಚೆಯ ಹುಲಿಗಿಯಿಂದ ಹುಲಿಗೆಪ್ಪ, ಹುಲಿಗೆಮ್ಮ. ನಾಯಕನಹಟ್ಟಿಯಿಂದ ತಿಪ್ಪೇಸ್ವಾಮಿ, ತಿಪ್ಪಮ್ಮ. ಹನುಮಂತಪ್ಪ, ದುರುಗಮ್ಮ ಮುಂತಾದ ಹೆಸರುಗಳಂತೂ ಸರ್ವತ್ರ ಇವೆ. ಹೀಗೆ ಕ್ಷೇತ್ರದೈವವೊಂದರ ಹೆಸರು ಸುತ್ತಲಿನ ಸಾವಿರಾರು ಮನೆಗಳಿಗೆ ಹಂಚಿಹೋಗಿರುವುದು ಸಾಂಸ್ಕೃತಿಕವಾಗಿ ಅರ್ಥಪೂರ್ಣವಾದುದು. ಹೆರಿಗೆ ವಾರ್ಡಿನಲ್ಲಿ ಮಾತ್ರ ಅದು ಅಪಾಯದ ಮೂಲವಾಗಬಲ್ಲದು. ಒಂದೇ ದಿನ ಇಬ್ಬರು ಕೊಟ್ರಮ್ಮರು ಪಕ್ಕಪಕ್ಕದ ಹಾಸಿಗೆಗಳಲ್ಲಿ ಇರುವುದು ಇಲ್ಲಿ ವಿಶೇಷವೇನಲ್ಲ.

ತೊಡಕು ಇಷ್ಟಕ್ಕೇ ನಿಲ್ಲುವುದಿಲ್ಲ. ಅಜ್ಜ ಅಜ್ಜಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ರೂಢಿ. ಅತ್ತೆಯ ಹೆಸರನ್ನು ಸೊಸೆ ಬಾಯಿತುಂಬ ಕರೆಯುವಂತಿಲ್ಲವಾದ್ದರಿಂದ ಆ ಮಗುವಿಗೆ ಕರೆಯಲು ಬೇರೊಂದು ಹೆಸರು ಹುಟ್ಟಿಕೊಳ್ಳುತ್ತದೆ. ದಾಖಲೆಯಲ್ಲಿ ಕೊಟ್ರಮ್ಮನಾದವಳು ಮನೆಯಲ್ಲಿ ಅವ್ವಕ್ಕನಾಗಿರುತ್ತಾಳೆ; ಜೊತೆಗೆ ಬಂದವರು ಆಸ್ಪತ್ರೆಯಲ್ಲಿ ಯಾವ ಹೆಸರನ್ನು ಬರೆಸುತ್ತಾರೆಂಬುದು ನಿಶ್ಚಿತವಿಲ್ಲ. ಕೆಲವು ಮನೆತನಗಳಲ್ಲಿ ಮದುವೆಯ ನಂತರ ಸೊಸೆಗೆ ಹೊಸ ಹೆಸರಿಡುವುದೂ ಉಂಟು. ಹೆಸರಿನ ಮುಂದೆ ಬಾರಿಕರ, ತಳವಾರ, ಬಣಕಾರ, ಪೂಜಾರ ಎಂದು ಮನೆತನದ ಹೆಸರು ಸೇರಿಸುವ ವಾಡಿಕೆ ಈ ಭಾಗದಲ್ಲಿದೆ. ಇದು ಗುರುತಿಗೆ ಸಹಾಯಕವಾದರೂ ಕಾಗದದಲ್ಲಿ ಅದು ಒಂದೇ ಅಕ್ಷರದ ಇನಿಷಿಯಲ್ಲಿಗೆ ಇಳಿದುಬಿಡುತ್ತದೆ. ಬಾರಿಕರ ಕೊಟ್ರಮ್ಮನೂ ಬಣಕಾರ ಕೊಟ್ರಮ್ಮನೂ ಆಗ ಬಿ. ಕೊಟ್ರಮ್ಮನೇ ಆಗುತ್ತಾರೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ಪದ್ಧತಿಯಿಂದ ಊರಿನ ಹೆಸರೂ ಎರಡಾಗುತ್ತದೆ. ತಾಯಿ ಕಾರ್ಡಿನಲ್ಲಿ ಗಂಡನ ಊರು ಇರುತ್ತದೆ; ದಾಖಲು ಮಾಡಿಸಿದ ಅಣ್ಣ ತವರಿನ ಊರನ್ನು ಹೇಳಿರುತ್ತಾನೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಸಂಕೋಚ ಹಿರಿಯ ಹೆಂಗಸರಲ್ಲಿ ಇನ್ನೂ ಉಳಿದಿದೆ. ಹುಟ್ಟಿದ ದಿನಾಂಕವೂ ನೆರವಿಗೆ ಬರುವುದಿಲ್ಲ. ಶಾಲೆಗೆ ಸೇರಿಸುವಾಗ ಗುರುಗಳು ಅಂದಾಜಿನಿಂದ ಬರೆದ ಜೂನ್ 1 ಎಂಬ ದಿನಾಂಕವೇ ಹಲವರ ಅಧಿಕೃತ ಜನ್ಮದಿನವಾಗಿದೆ. ಶಾಲೆಯ ಮುಖ ಕಾಣದವರ ಗುರುತಿನ ಚೀಟಿಗಳಲ್ಲಿ ಜನವರಿ 1 ಎಂದಿರುತ್ತದೆ.

ಈ ಎಲ್ಲ ಕಾರಣಗಳಿಂದ ಇಲ್ಲಿಯ ಆಸ್ಪತ್ರೆಗಳಲ್ಲಿ ಗುರುತಿನ ಆಧಾರವು ಹೆಸರಿನಾಚೆಗೆ ಹೋಗಬೇಕಾಗುತ್ತದೆ. ಪೂರ್ಣ ಹೆಸರು ಮತ್ತು ಮನೆತನದ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಇವುಗಳೊಂದಿಗೆ ಆ ದಾಖಲಾತಿಗೆ ಮಾತ್ರ ಸಂಬಂಧಿಸಿದ ಒಳರೋಗಿ ಸಂಖ್ಯೆ ಇರಲೇಬೇಕು. ಮೊದಲಿನವು ಮರುಕಳಿಸಬಹುದು, ಸಂಖ್ಯೆ ಮರುಕಳಿಸುವುದಿಲ್ಲ. ಆ ಸಂಖ್ಯೆಯು ಕೇಸ್‌ಶೀಟಿನಲ್ಲಷ್ಟೇ ಅಲ್ಲದೆ ರೋಗಿಯ ಮೈಮೇಲೆಯೂ ಇರಬೇಕು. ಮುಂಗೈ ಪಟ್ಟಿ ದೊರೆಯದಿದ್ದಲ್ಲಿ ಅಂಟುಪಟ್ಟಿಯ ಮೇಲೆ ಅಳಿಯದ ಶಾಯಿಯಿಂದ ಹೆಸರು, ಸಂಖ್ಯೆಗಳನ್ನು ಬರೆದು ಮುಂಗೈಗೆ ಸುತ್ತುವುದು ಖರ್ಚಿಲ್ಲದ ಉಪಾಯ. ಹಾಸಿಗೆಯ ಸಂಖ್ಯೆಯನ್ನು ಮಾತ್ರ ಎಂದಿಗೂ ಗುರುತಾಗಿ ಬಳಸಬಾರದು. ಗಾಳಿಗಾಗಿ, ಬೆಳಕಿಗಾಗಿ, ಸಂಬಂಧಿಕರ ಸಮೀಪಕ್ಕಾಗಿ ರೋಗಿಗಳು ಹಾಸಿಗೆ ಬದಲಿಸುತ್ತಲೇ ಇರುತ್ತಾರೆ.

4. ಮಾದರಿಯ ಸಂಗ್ರಹ

ಮಾದರಿಯನ್ನು ಒಂದು ಬಾರಿಗೆ ಒಬ್ಬರಿಂದ ಮಾತ್ರ ತೆಗೆಯಬೇಕು. ಬೆಳಗಿನ ಹೊತ್ತು ಐದಾರು ಜನರ ರಕ್ತವನ್ನು ಸಾಲಾಗಿ ತೆಗೆದು, ಕೊಳವೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮೇಜಿನ ಬಳಿ ಕುಳಿತು ಹೆಸರು ಬರೆಯುವ ಅಭ್ಯಾಸವು ಅತ್ಯಂತ ಅಪಾಯಕಾರಿಯಾದುದು. ಮೊದಲೇ ಹೆಸರು ಬರೆದಿಟ್ಟ ಖಾಲಿ ಕೊಳವೆಗಳೂ ಅಷ್ಟೇ ಅಪಾಯಕಾರಿ. ರಕ್ತ ತೆಗೆದವರೇ, ತೆಗೆದ ಕೂಡಲೇ, ರೋಗಿಯ ಪಕ್ಕದಲ್ಲಿಯೇ ನಿಂತು, ಮುಂಗೈ ಪಟ್ಟಿಯನ್ನು ನೋಡಿ ಬರೆಯಬೇಕು; ದಿನಾಂಕ, ವೇಳೆ ನಮೂದಿಸಿ ಸಹಿ ಮಾಡಬೇಕು. ಬೇಡಿಕೆ ಪತ್ರದ ಬರಹವೂ ಕೊಳವೆಯ ಬರಹವೂ ಅಕ್ಷರಶಃ ಹೊಂದಬೇಕು. ಹೊಂದದ ಮಾದರಿಯನ್ನು ರಕ್ತನಿಧಿಯವರು ತಿರಸ್ಕರಿಸಿದರೆ ಅದನ್ನು ಕಿರುಕುಳವೆಂದು ಭಾವಿಸದೆ ಹೊಸ ಮಾದರಿಯನ್ನು ಕಳುಹಿಸಬೇಕು.

ರೋಗಿಯನ್ನು ಕೇಳುವ ರೀತಿಯೂ ಮುಖ್ಯವಾದುದು. 'ನೀನು ಕೊಟ್ರಮ್ಮನೇನು?' ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ 'ಹ್ಞೂಂ' ಎಂದೇ. ಆಸ್ಪತ್ರೆಯವರ ಮಾತಿಗೆ ಎದುರಾಡಬಾರದೆಂಬ ವಿಧೇಯತೆ, ನೋವು, ಮಂಪರು, ಕೇಳಿಸದಿರುವುದು ಇವೆಲ್ಲ ಆ ಹೂಂಗುಟ್ಟುವಿಕೆಯಲ್ಲಿ ಸೇರಿರುತ್ತವೆ. ಅದರ ಬದಲು 'ಏನವ್ವಾ, ನಿನ್ನ ಹೆಸರೇನು? ನಿಮ್ಮಪ್ಪನ ಹೆಸರೇನು? ಯಾವೂರು?' ಎಂದು ಕೇಳಿ ಆಕೆಯ ಬಾಯಿಂದಲೇ ಹೇಳಿಸಬೇಕು. ಜೊತೆಯಲ್ಲಿದ್ದವರು ಮುಂದಾಗಿ ಉತ್ತರಿಸುವುದು ಇಲ್ಲಿಯ ರೂಢಿ. ಅವರನ್ನು ವಿನಯದಿಂದ ತಡೆದು ರೋಗಿಯ ಮಾತನ್ನು ಮೊದಲು ಕೇಳಬೇಕು. ಗಂಡನ ಹೆಸರು ಹೇಳಲು ಸಂಕೋಚಪಡುವ ಹಿರಿಯರನ್ನು ತಂದೆಯ ಹೆಸರು, ಮಗನ ಹೆಸರು ಕೇಳಬಹುದು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳ ತಾಂಡಾಗಳಿಂದ ಬರುವ ಲಂಬಾಣಿ ಮಹಿಳೆಯರು, ತೆಲುಗು ಅಥವಾ ಉರ್ದು ಮನೆಮಾತಿನವರು ಕನ್ನಡ ಬಲ್ಲವರೇ ಆಗಿದ್ದರೂ ಸಂಕಟದಲ್ಲಿ ಮನೆಮಾತನ್ನೇ ಆಡುತ್ತಾರೆ. ಆ ಭಾಷೆ ಬಲ್ಲವರೊಬ್ಬರ ನೆರವು ಪಡೆಯುವುದು ಉಚಿತ. ಪ್ರಜ್ಞೆಯಿಲ್ಲದ ರೋಗಿಯ ವಿಷಯದಲ್ಲಿ ಮುಂಗೈ ಪಟ್ಟಿಯೊಂದೇ ಆಧಾರ.

ರೋಗಿ ತೋರಿಸುವ ಹಳೆಯ ರಕ್ತಗುಂಪಿನ ಚೀಟಿಯನ್ನು ನಂಬಿ ರಕ್ತ ಕೊಡುವಂತಿಲ್ಲ. ಹಿಂದಿನ ದಾಖಲೆಯಿಲ್ಲದ ರೋಗಿಗೆ ಬೇರೆ ಬೇರೆ ವೇಳೆಯಲ್ಲಿ ತೆಗೆದ ಎರಡು ಮಾದರಿಗಳನ್ನು ಪರೀಕ್ಷಿಸಿ ಗುಂಪನ್ನು ದೃಢಪಡಿಸಿಕೊಳ್ಳುವ ನಿಯಮ ಬ್ರಿಟನ್ ಮುಂತಾದ ದೇಶಗಳಲ್ಲಿದೆ. ಹೆಸರುಗಳು ಇಷ್ಟೊಂದು ಮರುಕಳಿಸುವ ನಮ್ಮಲ್ಲಿ, ತುರ್ತಿಲ್ಲದ ಪ್ರಕರಣಗಳಲ್ಲಾದರೂ ಇದನ್ನು ಅನುಸರಿಸುವುದು ಯುಕ್ತ. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ ಬಾಂಬೆ ಗುಂಪಿನವರು ಸಾಮಾನ್ಯ ಪರೀಕ್ಷೆಯಲ್ಲಿ ಓ ಗುಂಪಿನವರಂತೆಯೇ ಕಾಣುತ್ತಾರೆ. ಆದರೆ ಓ ಗುಂಪಿನ ರಕ್ತವೂ ಅವರಿಗೆ ಹೊಂದುವುದಿಲ್ಲ. ಅಪರೂಪದ ಈ ಗುಂಪು ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಕಂಡುಬರುವುದರಿಂದ 'ಓ ತಾನೇ' ಎಂದು ಹೊಂದಿಕೆ ಪರೀಕ್ಷೆಯನ್ನು ಕೈಬಿಡಬಾರದು.

5. ಚೀಲ ಬಂದ ನಂತರ

ಕೆಂಪುಕಣಗಳ ಚೀಲವನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಂಗ್ರಹಿಸಲಾಗುತ್ತದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವ ಈ ನಾಡಿನಲ್ಲಿ ಹೊಸಪೇಟೆಯಿಂದಲೋ ದಾವಣಗೆರೆಯಿಂದಲೋ ಚೀಲ ತರುವಾಗ ಶೀತಪೆಟ್ಟಿಗೆ ಅನಿವಾರ್ಯ. ಕೈಚೀಲದಲ್ಲಿ ಮಂಜುಗಡ್ಡೆಯ ತುಂಡುಗಳ ನಡುವೆ ಇಟ್ಟು ತಂದರೆ ಮಂಜು ತಗುಲಿದ ಭಾಗದಲ್ಲಿ ಕಣಗಳು ಒಡೆಯುತ್ತವೆ. ವಾರ್ಡಿನ ಔಷಧಗಳ ಫ್ರಿಜ್ಜಿನಲ್ಲಿ ರಕ್ತವನ್ನು ಇಡಬಾರದು. ಅಲ್ಲಿ ಉಷ್ಣತೆ ಸ್ಥಿರವಾಗಿರುವುದಿಲ್ಲ. ವಿದ್ಯುತ್ ಹೋಗಿ ಬಂದದ್ದು ತಿಳಿಯುವುದಿಲ್ಲ. ತಂಪಾಗಿದೆಯೆಂದು ಬಿಸಿನೀರಿನಲ್ಲಿ ಅದ್ದುವುದು, ಬಿಸಿಲಿಗೆ ಹಿಡಿಯುವುದು ಇವು ಮಾರಕವಾಗಬಲ್ಲ ತಪ್ಪುಗಳು. ಶೀತದಿಂದ ಹೊರತೆಗೆದ ಮೇಲೆ 30 ನಿಮಿಷಗಳೊಳಗೆ ಆರಂಭಿಸಿ 4 ಗಂಟೆಗಳೊಳಗೆ ಮುಗಿಸಬೇಕು.

ಆದ್ದರಿಂದ ಚೀಲವನ್ನು ತರಿಸುವ ಮೊದಲೇ ಸಿದ್ಧತೆ ಮುಗಿದಿರಬೇಕು. ಒಪ್ಪಿಗೆ ಪತ್ರ, ವೈದ್ಯರ ಲಿಖಿತ ಆದೇಶ, ಹರಿವಿಗೆ ತಕ್ಕ 18 ಅಥವಾ 20 ಗೇಜಿನ ಸೂಜಿನಳಿಕೆ, ಸೋಸುಬಲೆಯಿರುವ ರಕ್ತದ ಸೆಟ್, ಆಮ್ಲಜನಕ ಮತ್ತು ತುರ್ತು ಔಷಧಗಳು ಇವೆಲ್ಲ ಕೈಗೆಟಕುವಂತಿರಬೇಕು. ಉಷ್ಣತೆ, ನಾಡಿ, ಉಸಿರಾಟ, ರಕ್ತದೊತ್ತಡಗಳನ್ನು ಅಳೆದು ಬರೆದಿಡಬೇಕು. ಈ ಆರಂಭದ ಅಂಕಿಗಳಿಲ್ಲದಿದ್ದರೆ ಮುಂದೆ ಕಾಣುವ ಬದಲಾವಣೆ ರಕ್ತದಿಂದಾದುದೋ ಅಲ್ಲವೋ ಎಂದು ಹೇಳುವುದು ಅಸಾಧ್ಯ.

ಅನಂತರದ ಹಂತ ಹಾಸಿಗೆಯ ಪಕ್ಕದ ಅಂತಿಮ ತಾಳೆ. ಇಬ್ಬರು ಅರ್ಹ ಸಿಬ್ಬಂದಿ ಬೇರೆ ಬೇರೆಯಾಗಿ ನೋಡಬೇಕು; ಒಬ್ಬರು ಓದಿ ಇನ್ನೊಬ್ಬರು ತಲೆಯಾಡಿಸುವುದು ತಾಳೆಯಲ್ಲ. ರೋಗಿ ಹೇಳಿದ ಹೆಸರು, ಮುಂಗೈ ಪಟ್ಟಿ, ಹೊಂದಿಕೆಯ ಚೀಟಿ, ಚೀಲದ ಮೇಲಿನ ಬರಹ ಈ ನಾಲ್ಕೂ ಒಂದಾಗಬೇಕು. ಚೀಲದ ಸಂಖ್ಯೆ, ಗುಂಪು, ಅವಧಿ ಮುಗಿಯುವ ದಿನಾಂಕಗಳನ್ನು ನೋಡಬೇಕು; ಸೋರಿಕೆ, ಗಡ್ಡೆ, ಬಣ್ಣದ ವ್ಯತ್ಯಾಸಗಳನ್ನು ಪರಿಶೀಲಿಸಬೇಕು. ಒಂದು ಅಕ್ಷರ ಬೇರೆಯಿದ್ದರೂ ರಕ್ತ ಜೋಡಿಸದೆ ವಿಚಾರಿಸಬೇಕು. 'ಕೊಟ್ರಮ್ಮ' ಮತ್ತು 'ಕೊಟ್ರವ್ವ' ಒಬ್ಬಳೇ ಇರಬಹುದು, ಇಬ್ಬರೂ ಇರಬಹುದು. ಈ ತಾಳೆಯನ್ನು ಶುಶ್ರೂಷಕಿಯರ ಮೇಜಿನ ಬಳಿ ಮುಗಿಸಿ ಚೀಲವನ್ನು ಹಾಸಿಗೆಯ ಬಳಿಗೆ ಒಯ್ದರೆ, ಆ ಹತ್ತು ಹೆಜ್ಜೆಗಳ ನಡುವೆಯೇ ತಪ್ಪು ನುಸುಳಲು ಅವಕಾಶವಾಗುತ್ತದೆ. ಬ್ರಿಟನ್ನಿನಲ್ಲಿ 1996ರಿಂದ ರಕ್ತಪೂರಣದ ದೋಷಗಳನ್ನು ದಾಖಲಿಸುತ್ತಿರುವ ಯೋಜನೆಯ ವರದಿಗಳು ಹಾಸಿಗೆಯ ಪಕ್ಕದ ಈ ಅಂತಿಮ ತಾಳೆಯ ಲೋಪವನ್ನು ಮತ್ತೆ ಮತ್ತೆ ಎತ್ತಿ ತೋರಿಸಿವೆ.

ಸಣ್ಣ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಗೆ ಒಬ್ಬರೇ ಶುಶ್ರೂಷಕಿ ಇರುವ ಸಂದರ್ಭಗಳುಂಟು. ಆಗ ಕರ್ತವ್ಯದ ವೈದ್ಯರೇ ಎರಡನೆಯವರಾಗಿ ತಾಳೆ ನೋಡಬೇಕು. ತುರ್ತಿಲ್ಲದ ರಕ್ತಪೂರಣವನ್ನು ರಾತ್ರಿ ಆರಂಭಿಸದಿರುವುದು ಒಳ್ಳೆಯ ನಿಯಮ. ಹಗಲಿನಲ್ಲಿ ಕಣ್ಣುಗಳೂ ಹೆಚ್ಚು, ಕೈಗಳೂ ಹೆಚ್ಚು.

ರಕ್ತದ ಜೊತೆ ಅದೇ ನಳಿಕೆಯಲ್ಲಿ 0.9 ಪ್ರತಿಶತ ಲವಣದ್ರಾವಣದ ಹೊರತು ಬೇರೇನನ್ನೂ ಕೊಡಬಾರದು. ರಿಂಗರ್ ಲ್ಯಾಕ್ಟೇಟ್ ದ್ರಾವಣದಲ್ಲಿರುವ ಕ್ಯಾಲ್ಸಿಯಂ ಚೀಲದಲ್ಲಿನ ಹೆಪ್ಪುರೋಧಕವನ್ನು ನಿಷ್ಫಲಗೊಳಿಸಿ ರಕ್ತ ಗಡ್ಡೆಕಟ್ಟುವಂತೆ ಮಾಡಬಹುದು. ಡೆಕ್ಸ್‌ಟ್ರೋಸ್ ದ್ರಾವಣದಿಂದ ಕಣಗಳು ಒಡೆಯಬಹುದು. ಚೀಲದೊಳಗೆ ಯಾವ ಔಷಧವನ್ನೂ ಸೇರಿಸಬಾರದು.

6. ಮೊದಲ ಹದಿನೈದು ನಿಮಿಷ ಮತ್ತು ರೋಗಿಯ ಮಾತು

ಗುಂಪು ಹೊಂದದ ರಕ್ತದ ತೀವ್ರ ಪ್ರತಿಕ್ರಿಯೆ ಸಾಮಾನ್ಯವಾಗಿ ಆರಂಭದಲ್ಲಿಯೇ ತೋರುತ್ತದೆ. ಆದಕಾರಣ ಮೊದಲ 15 ನಿಮಿಷ ನಿಮಿಷಕ್ಕೆ 1ರಿಂದ 2 ಮಿಲಿಲೀಟರಿನಂತೆ ನಿಧಾನವಾಗಿ ಹರಿಸಿ, ಶುಶ್ರೂಷಕಿಯು ರೋಗಿಯ ಬಳಿಯಲ್ಲಿಯೇ ಇರಬೇಕು. 15 ನಿಮಿಷಕ್ಕೆ ಮತ್ತೆ ಅಳತೆಗಳನ್ನು ತೆಗೆದು, ವ್ಯತ್ಯಾಸವಿಲ್ಲದಿದ್ದರೆ ಆದೇಶದಂತೆ ವೇಗ ಹೆಚ್ಚಿಸಬಹುದು. ಅಲ್ಲಿಂದ ಮುಂದೆ ಕನಿಷ್ಠ ಗಂಟೆಗೊಮ್ಮೆ ಮತ್ತು ಮುಗಿದ ಮೇಲೆ ಅಳತೆಗಳು ದಾಖಲಾಗಬೇಕು.

ಯಂತ್ರಕ್ಕಿಂತ ಮೊದಲು ಅಪಾಯವನ್ನು ಹೇಳುವವಳು ರೋಗಿಯೇ. ಆಕೆ ಬಳಸುವ ಮಾತು ಪಠ್ಯಪುಸ್ತಕದ್ದಾಗಿರುವುದಿಲ್ಲ. ತುರಿಕೆಯನ್ನು ಈ ಭಾಗದಲ್ಲಿ 'ತಿಂಡಿ', 'ಕಡಿತ' ಎನ್ನುತ್ತಾರೆ. 'ಮೈ ತಿಂಡಿ ಆಗಾಕತ್ತೈತಿ' ಎಂಬುದನ್ನು ಬೇರೆ ಜಿಲ್ಲೆಯಿಂದ ಬಂದ ಶುಶ್ರೂಷಾಧಿಕಾರಿ ಉಪಾಹಾರದ ಮಾತೆಂದು ಭಾವಿಸಿದರೆ ಆಶ್ಚರ್ಯವಿಲ್ಲ. 'ಸೊಂಟ ಹಿಡ್ಕಂಡೈತಿ', 'ಎದಿ ಒತ್ತಿದಂಗ ಆಕ್ಕತಿ', 'ದಮ್ಮು ಬರಾಕತ್ತೈತಿ' ಎಂಬ ಮಾತುಗಳು ಕ್ರಮವಾಗಿ ಕಣಗಳು ಒಡೆಯುತ್ತಿರುವ, ಹೃದಯ ಮತ್ತು ಶ್ವಾಸಕೋಶಗಳಿಗೆ ತೊಂದರೆಯಾಗಿರುವ ಸೂಚನೆಗಳಾಗಿರಬಹುದು. ಎಲ್ಲಕ್ಕಿಂತ ಮುಖ್ಯವಾದುದು 'ಜೀವ ಒಂಥರಾ ಆಗಾಕತ್ತೈತಿ' ಎಂಬ ಅಸ್ಪಷ್ಟ ದೂರು. ಏನೋ ಕೇಡಾಗಲಿದೆ ಎಂಬ ಅಕಾರಣ ಭಯವನ್ನು ವೈದ್ಯಗ್ರಂಥಗಳೂ ತೀವ್ರ ಪ್ರತಿಕ್ರಿಯೆಯ ಲಕ್ಷಣವೆಂದೇ ಹೇಳುತ್ತವೆ. ಹೆದರಿಕೆಯೆಂದು ಸಮಾಧಾನ ಹೇಳಿ ಹೋಗುವ ಬದಲು ಅಳತೆಗಳನ್ನು ತೆಗೆದು ನೋಡಬೇಕು. ಆರಂಭಿಸುವ ಮುನ್ನವೇ 'ಚಳಿ ಬಂದ್ರ, ಮೈ ಕಡಿದ್ರ, ಉಸಿರು ಕಟ್ಟಿದಂಗಾದ್ರ ಕೂಡ್ಲೆ ಕರೀಬೇಕು' ಎಂದು ರೋಗಿಗೂ ಜೊತೆಯಲ್ಲಿದ್ದವರಿಗೂ ಹೇಳಿರಬೇಕು. ಅರಿವಳಿಕೆಯಲ್ಲಿರುವ ರೋಗಿ ಏನನ್ನೂ ಹೇಳಲಾರಳು. ಅಲ್ಲಿ ರಕ್ತದೊತ್ತಡದ ಕುಸಿತ, ಗಾಯದಿಂದ ಒಸರುವ ರಕ್ತ, ಕೆಂಪು ಬಣ್ಣದ ಮೂತ್ರ ಇವೇ ಸೂಚನೆಗಳು.

ರಕ್ತಹೀನತೆಯಿಂದ ಬಳಲುವ ಗರ್ಭಿಣಿಯರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ತಿಂಗಳುಗಳ ಕಾಲ ಹಿಮೊಗ್ಲೋಬಿನ್ ಕಡಿಮೆಯಿದ್ದವರ ಹೃದಯ ಮೊದಲೇ ದಣಿದಿರುತ್ತದೆ. ಅಂಥವರಿಗೆ ವೇಗವಾಗಿ ರಕ್ತ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಾಪಾಯವಾಗಬಹುದು. ಒಂದು ಯೂನಿಟ್ ರಕ್ತ ಹಿಮೊಗ್ಲೋಬಿನ್ನನ್ನು ಸುಮಾರು 1 ಗ್ರಾಂ ಮಾತ್ರ ಹೆಚ್ಚಿಸುತ್ತದೆ. ಗರ್ಭಾವಸ್ಥೆಯಲ್ಲಿ ಸಕಾಲಕ್ಕೆ ಕಬ್ಬಿಣದ ಮಾತ್ರೆ, ಅಗತ್ಯವಿದ್ದಲ್ಲಿ ಕಬ್ಬಿಣದ ಚುಚ್ಚುಮದ್ದು ದೊರೆತರೆ ಹೆರಿಗೆಯ ವೇಳೆ ರಕ್ತ ಏರಿಸುವ ಪ್ರಸಂಗಗಳೇ ಕಡಿಮೆಯಾಗುತ್ತವೆ.

7. ಪ್ರತಿಕ್ರಿಯೆ ಕಂಡಾಗ

ಸಂಶಯ ಬಂದ ಕೂಡಲೇ ರಕ್ತವನ್ನು ನಿಲ್ಲಿಸುವುದು ಮೊದಲ ಕೆಲಸ. ವೈದ್ಯರು ಬರುವವರೆಗೆ ಹರಿಯಲು ಬಿಡಬಾರದು. ಸೂಜಿನಳಿಕೆಯನ್ನು ತೆಗೆಯದೆ, ಸೆಟ್ಟನ್ನು ಪೂರ್ಣವಾಗಿ ಬದಲಿಸಿ, ಹೊಸ ಸೆಟ್ಟಿನಿಂದ ಲವಣದ್ರಾವಣವನ್ನು ಹರಿಸುತ್ತ ನಾಳವನ್ನು ಉಳಿಸಿಕೊಳ್ಳಬೇಕು. ವೈದ್ಯರಿಗೆ ತಿಳಿಸಿ, ಅಳತೆಗಳನ್ನು ತೆಗೆದು, ಗುರುತಿನ ತಾಳೆಯನ್ನು ಮೊದಲಿನಿಂದ ಮತ್ತೊಮ್ಮೆ ಮಾಡಬೇಕು. ಅದಲುಬದಲಾಗಿರುವುದು ಕಂಡುಬಂದರೆ ಇನ್ನೊಬ್ಬ ರೋಗಿಗೂ ತಪ್ಪು ಚೀಲ ಹೋಗುತ್ತಿರಬಹುದು. ಅದನ್ನೂ ಆ ಕ್ಷಣವೇ ತಡೆಯಬೇಕು.

ಉಳಿದ ರಕ್ತದ ಚೀಲ ಮತ್ತು ಸೆಟ್ಟನ್ನು, ರೋಗಿಯ ಇನ್ನೊಂದು ತೋಳಿನಿಂದ ತೆಗೆದ ಹೊಸ ಮಾದರಿಯನ್ನು ರಕ್ತನಿಧಿಗೆ ಕಳುಹಿಸಬೇಕು; ಮೊದಲ ಮೂತ್ರವನ್ನು ಪರೀಕ್ಷೆಗೆ ಕೊಡಬೇಕು. ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಅದೇ ಚೀಲವನ್ನು ಮುಂದುವರಿಸುವುದು ಸರಿಯಲ್ಲ. ಉಷ್ಣತೆ 1 ಡಿಗ್ರಿ ಏರುವುದು ನಿರುಪದ್ರವಿ ಜ್ವರವಾಗಿರಬಹುದು, ಕಣಗಳ ಒಡೆಯುವಿಕೆಯ ಅಥವಾ ಕಲುಷಿತ ರಕ್ತದ ಮೊದಲ ಚಿಹ್ನೆಯೂ ಆಗಿರಬಹುದು. ಅದನ್ನು ವೈದ್ಯರು ನಿರ್ಣಯಿಸಬೇಕು.

8. ದಾಖಲೆಯ ಮಹತ್ವ

ಚೀಲದ ಸಂಖ್ಯೆ, ಆರಂಭ ಮತ್ತು ಮುಕ್ತಾಯದ ವೇಳೆ, ತಾಳೆ ನೋಡಿದ ಇಬ್ಬರ ಸಹಿ, ಅಳತೆಗಳು ಹಾಗೂ ಜೊತೆಯಲ್ಲಿ ಕೊಟ್ಟ ದ್ರಾವಣಗಳ ಬ್ಯಾಚ್ ಸಂಖ್ಯೆ ಇವಿಷ್ಟೂ ಕೇಸ್‌ಶೀಟಿನಲ್ಲಿ ಉಳಿಯಬೇಕು. ಇದರ ಬೆಲೆ ಏನೆಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಂಭವಿಸಿದ ಬಾಣಂತಿಯರ ಸಾವುಗಳು ಇಡೀ ರಾಜ್ಯಕ್ಕೆ ಮನಗಾಣಿಸಿದವು. ಅದು ರಕ್ತಪೂರಣದ ಪ್ರಕರಣವಾಗಿರಲಿಲ್ಲ. ಸಿಸೇರಿಯನ್ ಹೆರಿಗೆಯಾದವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟ ಅಲ್ಲಿ ಪ್ರಶ್ನೆಗೊಳಗಾಯಿತು, ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಯಾವ ಬಾಟಲಿ ಯಾರಿಗೆ ಹೋಯಿತೆಂಬ ಪ್ರಶ್ನೆಗೆ ಉತ್ತರ ದೊರೆಯುವುದು ಹಾಸಿಗೆಯ ಪಕ್ಕದಲ್ಲಿ ಬರೆದಿಟ್ಟ ಸಂಖ್ಯೆಗಳಿಂದ ಮಾತ್ರ.

ರಕ್ತಪೂರಣದ ಪ್ರತಿಕ್ರಿಯೆಗಳನ್ನು ದೇಶಮಟ್ಟದಲ್ಲಿ ಸಂಗ್ರಹಿಸಲು ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆಯ ಆಶ್ರಯದಲ್ಲಿ 2012ರ ಡಿಸೆಂಬರ್ 10ರಂದು ಹಿಮೋವಿಜಿಲೆನ್ಸ್ ಕಾರ್ಯಕ್ರಮ ಆರಂಭವಾಯಿತು. ತಾಲ್ಲೂಕು ಆಸ್ಪತ್ರೆಯ ಒಂದು ಚಳಿ, ಒಂದು ದದ್ದು ಸಹ ಅಲ್ಲಿಗೆ ವರದಿಯಾಗತಕ್ಕದ್ದು. ತಪ್ಪನ್ನು ಒಪ್ಪಿಕೊಂಡ ಶುಶ್ರೂಷಕಿಗೆ ಮೊದಲು ನೋಟಿಸು ಕೊಡುವ ವಾತಾವರಣದಲ್ಲಿ ಇಂಥ ವರದಿಗಳು ಹುಟ್ಟುವುದಿಲ್ಲ. ಸಮಯಕ್ಕೆ ಸರಿಯಾಗಿ ಕಂಡುಹಿಡಿದು ತಡೆದ ತಪ್ಪುಗಳನ್ನು ಶಿಕ್ಷೆಯ ಭಯವಿಲ್ಲದೆ ದಾಖಲಿಸುವ ಅವಕಾಶವಿದ್ದರೆ ಮಾತ್ರ ಮುಂದಿನ ತಪ್ಪನ್ನು ತಪ್ಪಿಸಬಹುದು.

ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ಸುರಕ್ಷಿತ ರಕ್ತಪೂರಣದ ನಿಯಮಗಳು ಜಗತ್ತಿಗೆಲ್ಲ ಸಮಾನವಾಗಿದ್ದರೂ ಅವುಗಳ ಅನ್ವಯ ಸ್ಥಳೀಯವಾದುದು. ಕೊಟ್ಟೂರು ಸೀಮೆಯ ವಾರ್ಡಿನಲ್ಲಿ ಗುರುತಿನ ತಾಳೆ ಸಾರ್ಥಕವಾಗಬೇಕಾದರೆ ಹೆಸರಿಡುವ ಪದ್ಧತಿ, ತವರಿನ ಸಂಬಂಧ, ಆಡುಮಾತುಗಳ ತಿಳಿವಳಿಕೆ ಶುಶ್ರೂಷಕಿಯರ ತರಬೇತಿಯ ಭಾಗವಾಗಬೇಕು. ಕನ್ನಡದಲ್ಲಿ ವ್ಯಕ್ತಿನಾಮಗಳ ಅಧ್ಯಯನಕ್ಕೆ ಸಾಕಷ್ಟು ಹಿನ್ನೆಲೆಯಿದೆ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಇದೇ ಜಿಲ್ಲೆಯಲ್ಲಿದೆ. ನಾಮಶಾಸ್ತ್ರ ಮತ್ತು ಉಪಭಾಷೆಗಳ ಅಧ್ಯಯನಕಾರರು ಈ ಐದು ತಾಲ್ಲೂಕುಗಳ ಹೆಸರುಗಳ, ರೋಗಲಕ್ಷಣಸೂಚಕ ಆಡುನುಡಿಗಳ ಪಟ್ಟಿಯೊಂದನ್ನು ಆಸ್ಪತ್ರೆಗಳ ಬಳಕೆಗಾಗಿ ಸಿದ್ಧಪಡಿಸಿದರೆ ಅದು ನೇರವಾಗಿ ಜೀವ ಉಳಿಸುವ ಸಂಶೋಧನೆಯಾಗುತ್ತದೆ. ಅಲ್ಲಿಯವರೆಗೆ, ಪ್ರತಿ ಚೀಲವನ್ನು ಜೋಡಿಸುವ ಮುನ್ನ 'ನಿನ್ನ ಹೆಸರೇನವ್ವಾ?' ಎಂದು ಕೇಳಿ, ಉತ್ತರವನ್ನು ಕಿವಿಗೊಟ್ಟು ಆಲಿಸಿ, ಮುಂಗೈಯ ಸಂಖ್ಯೆಯನ್ನು ಕಣ್ಣಾರೆ ನೋಡುವ ಶುಶ್ರೂಷಕಿಯ ಒಂದು ನಿಮಿಷದ ತಾಳ್ಮೆಯ ಮೇಲೆ ರೋಗಿಯ ಸುರಕ್ಷತೆ ನಿಂತಿದೆ.